ಮನೆ ಹೋದ ಮೇಲೂ ಉಳಿದ ಬಾಕಿ

ಸ್ವಂತ ಕಾರಿನಲ್ಲಿ ಡ್ರೈವಿಂಗ್ ಕಲಿಸುವುದು ಅವಳ ಕಸುಬು. ಊರವರು ಇಟ್ಟ ಹೆಸರು ಬ್ರೇಕಮ್ಮ. ಕಲಿಯಲು ಬಂದವರು ಎಷ್ಟೇ ಗಾಬರಿಯಾಗಲಿ, ಪಕ್ಕದಲ್ಲಿ ಕೂತ ಅವಳ ಕಾಲು ಕಲಿಸುವವರಿಗೆಂದೇ ಇರುವ ಎರಡನೆಯ ಬ್ರೇಕಿನ ಮೇಲೆ ಇದ್ದೇ ಇರುತ್ತಿತ್ತು. ಬಾಯಿ ಮಾತ್ರ ತಣ್ಣಗೆ, "ಏನೂ ಆಗಿಲ್ಲ, ಕ್ಲಚ್ ಬಿಡಿ, ಹಾಗೇ ಉಸಿರೂ ಬಿಡಿ" ಎನ್ನುತ್ತಿತ್ತು.

ಗಂಡ ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದ. ಇಬ್ಬರ ದುಡಿಮೆಯನ್ನು ನೆಚ್ಚಿಕೊಂಡು ಬ್ಯಾಂಕ್ ಸಾಲದಲ್ಲಿ ಮನೆ ಕೊಂಡಿದ್ದರು. ಸಾಲಕ್ಕೆ ಜಾಮೀನು ಹಾಕಿದವನು ಬೇಕರಿ ನಡೆಸುವ ಅವಳ ಅಣ್ಣ. ಇದ್ದಕ್ಕಿದ್ದ ಹಾಗೆ ಗಂಡನಿಗೆ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿತು, ಮಾತು ತೊದಲಿತು. ಅವಳೊಬ್ಬಳ ಸಂಪಾದನೆ ಆಸ್ಪತ್ರೆ, ಔಷಧಿಗೇ ಸಾಲದಾಯಿತು. ಕಂತುಗಳು ತಪ್ಪಿದವು. ಕೊನೆಗೆ ಬ್ಯಾಂಕು ಮನೆಯನ್ನು ಹರಾಜು ಹಾಕಿತು.

ಬೀಗದ ಕೈ ಒಪ್ಪಿಸಿ ಬಂದ ದಿನ ಅವಳು ಅಳಲಿಲ್ಲ. ಬಾಡಿಗೆಗೆ ಹಿಡಿದ ಎರಡು ಕೋಣೆಗಳಲ್ಲಿ ಗಂಡನ ಮಂಚವನ್ನು ಕಿಟಕಿಯ ಕಡೆಗೆ ಎಳೆದು, "ಮನೆನೂ ಹೋಯ್ತು, ಸಾಲನೂ ಹೋಯ್ತು. ಇನ್ನು ನಮ್ಮನ್ನ ಕೇಳೋರು ಯಾರು?" ಎಂದಳು.

"ಬಾಡಿಗೆ... ಕೇಳೋರು" ಎಂದ ಗಂಡ. ಇಬ್ಬರೂ ನಕ್ಕರು.

ಕೆಲವು ತಿಂಗಳು ಅವಳು ನಿಜಕ್ಕೂ ಹಗುರಾಗಿದ್ದಳು. ಆದರೆ ಅಣ್ಣ ಬರುವುದು ಯಾಕೋ ಕಡಿಮೆಯಾಯಿತು. ಫೋನ್ ಮಾಡಿದರೆ, "ಗಿರಾಕಿಗಳಿದಾರೆ ಕಣೇ" ಎಂದು ಇಟ್ಟುಬಿಡುತ್ತಿದ್ದ. ಮನಸ್ಸು ತಡೆಯದೆ ಒಂದು ಮಧ್ಯಾಹ್ನ ಬೇಕರಿಗೇ ಹೋದಳು. ಹಿಂದಿನ ಕೋಣೆಯಲ್ಲಿ ಹಳೆಯ ಒಲೆಯ ಮುಂದೆ ಅಣ್ಣ ಬೆವರುತ್ತ ನಿಂತಿದ್ದ. ಒಂದು ಮಗ್ಗುಲು ಸೀದುಹೋದ ಬ್ರೆಡ್ಡುಗಳನ್ನು ಅತ್ತಿಗೆ ಆರಿಸಿ ಪಕ್ಕಕ್ಕಿಡುತ್ತಿದ್ದಳು.

"ಹೊಸ ಒಲೆ ತರ್ತೀನಿ ಅಂದಿದ್ಯಲ್ಲಣ್ಣ?"

"ಇದಕ್ಕೇನಾಗಿದೆ? ಒಂದು ಕಡೆ ಚೆನ್ನಾಗೇ ಬೇಯುತ್ತೆ."

ಅತ್ತಿಗೆಗೆ ಇನ್ನು ಸುಮ್ಮನಿರಲಾಗಲಿಲ್ಲ. "ಎಷ್ಟು ದಿನ ಅಂತ ಮುಚ್ಚಿಡ್ತೀರ?" ಎಂದು ಗಂಡನಿಗೆ ಹೇಳಿ ನಾದಿನಿಯ ಕಡೆ ತಿರುಗಿದಳು. "ಒಲೆಗೆ ಸಾಲ ಕೇಳಿದ್ರೆ ಬ್ಯಾಂಕಿನೋರು ಆಗಲ್ಲ ಅಂದ್ರು. ನಿಮ್ಮ ಮನೆ ಸಾಲ ಇನ್ನೂ ತೀರಿಲ್ವಂತೆ. ಜಾಮೀನು ಇವರದಲ್ವಾ? ಬೆಳಗಾದ್ರೆ ಬ್ಯಾಂಕಿನ ಫೋನು."

ಅವಳು ಹಿಟ್ಟಿನ ಮೂಟೆಯ ಮೇಲೆ ಕೂತಳು. "ನನಗ್ಯಾಕೆ ಯಾರೂ ಫೋನ್ ಮಾಡ್ಲಿಲ್ಲ?"

"ನಾನೇ ಬೇಡ ಅಂದೆ" ಎಂದ ಅಣ್ಣ, ತಲೆ ಎತ್ತದೆ. "ಏನಿದ್ರೂ ನನ್ನನ್ನೇ ಕೇಳಿ, ಅವಳ ತಂಟೆಗೆ ಹೋಗಬೇಡಿ ಅಂದೆ. ನೋಟಿಸು ನಿಮ್ಮ ಹಳೇ ಮನೆಗೆ ಹೋಗ್ತಿರಬೇಕು. ನಿನಗೆ ಇರೋದೇ ಸಾಕಾಗಿತ್ತಲ್ಲೇ."

ಮಾರನೆಯ ದಿನವೇ ಅವಳು ಬ್ಯಾಂಕಿಗೆ ಹೋದಳು. ಸಾಲದ ವಿಭಾಗದ ಅಧಿಕಾರಿ ಅವಳ ವಯಸ್ಸಿನದೇ ಹೆಂಗಸು.

"ಮನೆನೇ ತಗೊಂಡ್ರಲ್ಲ ಮೇಡಂ, ಇನ್ನೇನು ಬಾಕಿ?"

"ಮನೆ ಹರಾಜಲ್ಲಿ ಕಡಿಮೆಗೆ ಹೋಯ್ತಮ್ಮ. ಬಂದದ್ದನ್ನ ಸಾಲಕ್ಕೆ ಜಮಾ ಮಾಡಿದ್ವಿ. ಬಡ್ಡಿ, ಹರಾಜಿನ ಖರ್ಚು ಎಲ್ಲ ಸೇರಿ ಸಾಲ ಅದಕ್ಕಿಂತ ದೊಡ್ಡದಾಗಿತ್ತು. ಮಿಕ್ಕಿದ್ದು ನಿಮ್ಮ ಮೇಲೇ ಇದೆ. ನೀವು ಕಟ್ಟದಿದ್ರೆ ನಿಮ್ಮ ಅಣ್ಣನ ಮೇಲೆ."

ಅವಳ ಮುಖ ನೋಡಿ ಅಧಿಕಾರಿ ನೀರಿನ ಲೋಟ ಮುಂದಕ್ಕೆ ತಳ್ಳಿದಳು. "ಪೂರ್ತಿ ಆಗಲ್ಲ ಅಂದ್ರೆ, ಒಂದೇ ಸಲಕ್ಕೆ ಇಷ್ಟು ಕಟ್ತೀನಿ, ಉಳಿದದ್ದು ಬಿಡಿ ಅಂತ ಅರ್ಜಿ ಕೊಡಿ. ಮೇಲಿನವರಿಗೆ ನಾನು ಕಳಿಸ್ತೀನಿ." ಆಮೇಲೆ ದನಿ ತಗ್ಗಿಸಿ, "ಅವರು ಒಪ್ಪಿದ್ರೂ, ಇನ್ನು ನಿಮ್ಮನ್ನೂ ಕೇಳಲ್ಲ, ನಿಮ್ಮ ಅಣ್ಣನ್ನೂ ಕೇಳಲ್ಲ ಅಂತ ಬರೆಸಿಕೊಂಡೇ ದುಡ್ಡು ಕಟ್ಟಿ. ಬಾಯಿಮಾತು ನಂಬಿ ಪೇಚಿಗೆ ಸಿಕ್ಕಿದೋರನ್ನ ಬೇಕಾದಷ್ಟು ನೋಡಿದೀನಿ" ಎಂದಳು.

ಕಟ್ಟಲು ಅವಳ ಹತ್ತಿರ ಇದ್ದದ್ದಾದರೂ ಏನು? ಕಾರು. ಗಂಡನಿಗೆ ಹೇಳಿದಳು. "ಮಾರು ಅಂತ... ನಾನು ಹೇಗೆ ಹೇಳ್ಲಿ?" ಎಂದ. ಅವನ ಕಣ್ಣು ತುಂಬಿತ್ತು. ಅವಳೂ ಆಗ ಅತ್ತಳು, ಮನೆ ಹೋದಾಗ ಅಳದಿದ್ದದ್ದನ್ನೂ ಸೇರಿಸಿ.

ಅವಳ ಅರ್ಜಿಗೆ ಬ್ಯಾಂಕು ಮೊದಲ ಸಲ ಆಗದು ಎಂದಿತು. ಅವಳು ಕಟ್ಟುವ ಮೊತ್ತವನ್ನು ಇನ್ನಷ್ಟು ಏರಿಸಿ ಮತ್ತೆ ಕೇಳಿದಳು. ಅಂತೂ ಒಪ್ಪಿಗೆ ಬಂತು. ಅಧಿಕಾರಿ ಹೇಳಿದ ಮಾತು ಅಕ್ಷರದಲ್ಲಿ ಕೈಗೆ ಬಂದ ಮೇಲೆಯೇ ಕಾರನ್ನು ಪಕ್ಕದ ಬೀದಿಯ ಡ್ರೈವಿಂಗ್ ಶಾಲೆಗೆ ಮಾರಿ ಬ್ಯಾಂಕಿಗೆ ದುಡ್ಡು ಕಟ್ಟಿದಳು. ಸಂಬಳಕ್ಕೆ ಅಲ್ಲೇ ಸೇರಿಕೊಂಡಳು. ಕಾರಿನ ನೆತ್ತಿಯ ಮೇಲಿನ ಬೋರ್ಡು ಬದಲಾಯಿತು. ಒಳಗೆ ಕೂತವಳು ಅವಳೇ. ಮೊದಮೊದಲು ಹಳೆಯ ವಿದ್ಯಾರ್ಥಿಗಳು ಎದುರಾದರೆ ಬೋರ್ಡು ಓದಿಬಿಡುತ್ತಾರೇನೋ ಎಂದು ಮೈ ಹಿಡಿಯಾಗುತ್ತಿತ್ತು.

ವಿಷಯ ತಿಳಿದ ಅಣ್ಣ ಕೂಗಾಡಿದ. "ಕಾರು ಮಾರು ಅಂತ ನಿನಗೆ ಹೇಳಿದ್ದು ಯಾರೇ? ನಾನೇನು ಸತ್ತುಹೋಗಿದ್ನಾ?"

"ನನ್ನ ಹೆಸರಲ್ಲಿ ನೀನು ಬೈಸಿಕೊಂಡಿದ್ದು ಸಾಕು ಬಿಡಣ್ಣ."

ಅವನು ಮುನಿಸಿಕೊಂಡು ಹೋದ. ಬ್ಯಾಂಕಿನ ದಾಖಲೆಯಿಂದ ಅವನ ಹೆಸರು ತೆಗೆಸುವುದಕ್ಕೇ ಅವಳು ಮತ್ತೆಷ್ಟೋ ಸಲ ಅಲೆಯಬೇಕಾಯಿತು. ಕೊನೆಗೊಮ್ಮೆ ಅವನಿಗೆ ಒಲೆಯ ಸಾಲ ಸಿಕ್ಕಿತು.

ಆಮೇಲೆ ಬಂದ ಭಾನುವಾರ ಅಣ್ಣ, ಅತ್ತಿಗೆ ಇಬ್ಬರೂ ಬಾಡಿಗೆ ಮನೆಗೆ ಬಂದರು. ಅಣ್ಣ ಮಂಚದ ತುದಿಯಲ್ಲಿ ಕೂತು ಗಂಡನನ್ನು ನಗಿಸುತ್ತಿದ್ದ. ಗೋಡೆಗೆ ಒರಗಿ ಕೇಳುತ್ತಿದ್ದ ಅವಳಿಗೆ ಗೊತ್ತಿಲ್ಲದೆಯೇ ಕಣ್ಣು ಹತ್ತಿತು.

"ಮೆಲ್ಲಗೆ ಮಾತಾಡ್ರಿ, ಮಲಗಿದಾಳೆ" ಎಂದಳು ಅತ್ತಿಗೆ. ಅಣ್ಣ ಎದ್ದು ಹೋಗಿ, ಬೀದಿಯ ಗಲಾಟೆ ಕೇಳಿಸದ ಹಾಗೆ ಕಿಟಕಿ ಮುಚ್ಚಿ ಬಂದ.