ಅಕ್ಕನ ಫ್ಲಾಪಿ ಮಡಿ

ನಮ್ಮ ಅಕ್ಕ ಸುಂದರಾಬಾಯಿಯ ಬಗ್ಗೆ ಯಾರಾದರೂ ಬರೆಯಬೇಕಿತ್ತು. ಯಾರೂ ಬರೆಯಲಿಲ್ಲ. ಮುಳಬಾಗಿಲಲ್ಲಿ ಚುನಾವಣೆಗೆ ನಿಂತು ಸೋತವರಿಗೂ ಶಾಲು ಹೊದಿಸಿದ್ದಾರೆ, ಅಕ್ಕನಿಗೆ ಇದುವರೆಗೆ ಒಂದು ಹಾರವಿಲ್ಲ. ಅದಕ್ಕೇ ಅವಳ ತಮ್ಮ ನಾರಾಯಣ, ತಾಯಲೂರಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಹೇಳಿ ನಿವೃತ್ತನಾದವನು, ನಾನೇ ಬರೆಯುತ್ತಿದ್ದೇನೆ. ತಪ್ಪು ಹುಡುಕುವವರು ಹುಡುಕಿಕೊಳ್ಳಲಿ. ಇದರಲ್ಲಿರುವ ಎಲ್ಲಕ್ಕಿಂತ ದೊಡ್ಡ ತಪ್ಪು ನನ್ನದು, ಅದನ್ನೂ ಮುಚ್ಚಿಡುವುದಿಲ್ಲ.

ಅಕ್ಕನಿಗೆ ಇಪ್ಪತ್ತಾರಕ್ಕೆ ಗಂಡ ಹೋದರು. ಅಳುತ್ತ ಮೂಲೆಯಲ್ಲಿ ಕೂರಲಿಲ್ಲ. ತವರಿಗೆ ವಾಪಸ್ಸು ಬಂದು, ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾಲ್ಕು ಟೈಪ್‌ರೈಟರ್ ಇಟ್ಟು ಟೈಪಿಂಗ್ ಕಲಿಸಲು ಶುರು ಮಾಡಿದಳು. ಮೂವತ್ತೈದು ವರ್ಷ ನಮ್ಮ ಬೀದಿಗೆ ಬೆಳಗಾಗುತ್ತಿದ್ದದ್ದೇ ಆ ಟಕಟಕ ಸದ್ದಿನಿಂದ. ತಾಲ್ಲೂಕು ಕಚೇರಿಯ ಅರ್ಧ ಗುಮಾಸ್ತರು ಅವಳ ಕೈಲಿ ಬೈಸಿಕೊಂಡವರು. ಸುತ್ತಲ ಹಳ್ಳಿಯವರಿಗೆ ಅವಳು ಟೈಪಮ್ಮ. ಟೈಪಿಂಗಿಗೆ ಬರುವವರು ಕಮ್ಮಿಯಾದಾಗ, ೧೯೯೭ರಲ್ಲಿ, ಮೆಷಿನ್ನುಗಳನ್ನು ಮಾರಿ ಕೋಲಾರದ ನಂದಕುಮಾರ್ ಅಂಗಡಿಯಿಂದ ಒಂದು ಹಳೇ ಕಂಪ್ಯೂಟರ್ ತಂದಳು. ಆಗ ಅವಳಿಗೆ ಅರವತ್ತೊಂದು.

"ಈ ವಯಸ್ಸಲ್ಲಿ ಯಾಕಕ್ಕ ಇದೆಲ್ಲ?" ಅಂದೆ.

"ಕೀಗಳು ಅವೇ ಕಣೋ ನಾಣಿ. ಜಾಗ ಬದಲಾಗಿಲ್ಲ. ನಿನ್ ತಲೆನೇ ಜಾಗ ಬದಲಾಯಿಸಿರೋದು" ಅಂದಳು.

ನಂದಕುಮಾರ್ ಕಂಪ್ಯೂಟರ್ ಜೋಡಿಸಿಕೊಡುವಾಗ, ಹೊರಗಿನ ಫ್ಲಾಪಿಯಿಂದ ವೈರಸ್ ಬರುತ್ತೆ, ಒಂದಕ್ಕೆ ಬಂದರೆ ಮುಟ್ಟಿದ್ದಕ್ಕೆಲ್ಲ ಹರಡುತ್ತೆ ಅಂತ ಹೇಳಿದ್ದ. ಬೇರೆಯವರಾದರೆ ತಲೆಯಾಡಿಸಿ ಮರೆಯುತ್ತಿದ್ದರು. ಅಕ್ಕ ಕೇಳಿದ್ದು ಒಂದೇ ಮಾತು: "ಅಂದ್ರೆ ಮಡಿ ಮೈಲಿಗೆ ಥರಾನಾ?" ಅವನು ತಲೆ ಕೆರೆದುಕೊಂಡು ಹೌದು ಅಂದ. ಅಲ್ಲಿಂದ ಮುಂದೆ ಅಕ್ಕನಿಗೆ ಯಾರೂ ಏನೂ ಹೇಳಿಕೊಡಬೇಕಾಗಲಿಲ್ಲ. ಹುಟ್ಟಿದಾಗಿನಿಂದ ಮಾಡಿಕೊಂಡು ಬಂದದ್ದೇ ಅಲ್ಲವೇ.

ಮೇಜಿನ ಎಡಕ್ಕೆ ಒಂದು ಡಬ್ಬಿ, 'ತೊಳೆಯದ್ದು'. ಬಲಕ್ಕೆ ಇನ್ನೊಂದು, 'ತೊಳೆದದ್ದು'. ಯಾರ ಫ್ಲಾಪಿಯೇ ಬರಲಿ, ಮೊದಲು ಎಡಕ್ಕೆ. ಆಂಟಿವೈರಸ್‌ನಲ್ಲಿ ಸ್ನಾನ ಆದ ಮೇಲೇ ಅದರೊಳಗಿನ ಕಾಗದ ತೆರೆಯುವುದು. ತಾಲ್ಲೂಕು ಕಚೇರಿಯ ಸೂಪರಿಂಟೆಂಡೆಂಟ್ ಅವಸರ ಮಾಡಿದಾಗ, "ನೀವು ನನ್ ಸ್ಟೂಡೆಂಟು, ಕೂತ್ಕೊಳ್ಳಿ" ಅಂತ ಕಾಲು ಗಂಟೆ ಕೂರಿಸಿದ್ದಳು. ತಿಂಗಳಿಗೊಮ್ಮೆ ಕೋಲಾರದ ಬಸ್ಸು ಹತ್ತಿ, ಹೊಸ ವೈರಸ್‌ಗಳ ಪಟ್ಟಿಯನ್ನು ನಂದಕುಮಾರ್‌ನಿಂದ ಫ್ಲಾಪಿಗೆ ಹಾಕಿಸಿಕೊಂಡು ಬರುತ್ತಿದ್ದಳು. ಹಳೇ ಪಟ್ಟಿ ಇಟ್ಟುಕೊಂಡರೆ ಹಳೇ ಕಳ್ಳರು ಮಾತ್ರ ಸಿಗುತ್ತಾರೆ ಅನ್ನುವುದು ಅವಳ ವಾದ. ಪಾಸ್‌ವರ್ಡ್ ಏನು ಅಂತ ನಾನು ಒಂದು ಸಲ ಕೇಳಿ ನೋಡಿದೆ. "ನಿಂಗೆ ಹೇಳೋದೂ ಒಂದೇ, ಬಸ್ ಸ್ಟ್ಯಾಂಡಲ್ಲಿ ಬರೆದು ಹಾಕೋದೂ ಒಂದೇ" ಅಂದಳು.

ಇನ್ನು ಏಕಾದಶಿ. ಅವತ್ತು ನಮ್ಮ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಕ್ಕನಿಗೆ ಇಡೀ ದಿನ ಬಿಡುವು. ಹಾಗಾಗಿ ಹದಿನೈದು ದಿನಕ್ಕೊಮ್ಮೆ ಏಕಾದಶಿಯ ದಿನ ಕಂಪ್ಯೂಟರಿನಲ್ಲಿರುವ ಮುಖ್ಯವಾದದ್ದನ್ನೆಲ್ಲ ಎರಡು ಫ್ಲಾಪಿಗೆ ನಕಲು ತೆಗೆಯುತ್ತಿದ್ದಳು. ಮಾರನೇ ದಿನ ದ್ವಾದಶಿ ಪಾರಣೆ ಮುಗಿಸಿ ಎರಡನ್ನೂ ತೆರೆದು ಓದಿ ನೋಡುತ್ತಿದ್ದಳು. ತೆರೆದು ನೋಡದ ನಕಲು ನಕಲೇ ಅಲ್ಲ ಅನ್ನುತ್ತಿದ್ದಳು. ಒಂದು ಮನೆಯಲ್ಲಿ, ಇನ್ನೊಂದು ಬೇರೆ ಊರಿನಲ್ಲಿ. ಎರಡೂ ಒಂದೇ ಮನೆಯಲ್ಲಿದ್ದರೆ ಕಳ್ಳನಿಗೂ ಬೆಂಕಿಗೂ ಒಂದೇ ದಾರಿ ಸಾಕು ಅನ್ನುವ ಲೆಕ್ಕ. ಗಣಿತದ ಮೇಷ್ಟ್ರು ನಾನು, ಇದು ನನಗೆ ಹೊಳೆದಿರಲಿಲ್ಲ.

ಅಷ್ಟು ಜೋಪಾನ ಮಾಡುವಂಥದ್ದು ಏನಿತ್ತು ಅಂದರೆ, ದೊಡ್ಡವೆಂಕಟಮ್ಮನ ಪಟ್ಟಿ.

ದೊಡ್ಡವೆಂಕಟಮ್ಮ ದೇವರಾಯಸಮುದ್ರದ ಸೂಲಗಿತ್ತಿ. ಎಂಬತ್ತರ ಹತ್ತಿರ ವಯಸ್ಸು, ಓದು ಬರಹವಿಲ್ಲ. ಸುತ್ತಲ ಊರುಗಳಲ್ಲಿ ಅವಳು ಹೆರಿಗೆ ಮಾಡಿಸಿದ ಮಕ್ಕಳು ಸಾವಿರದ ಮೇಲೆ, ಒಂದೊಂದರ ಹುಟ್ಟೂ ಬಾಯಲ್ಲೇ ಇತ್ತು. ಅಂಗನವಾಡಿ ಕೆಲಸಕ್ಕೆ ಅರ್ಜಿ ಟೈಪ್ ಮಾಡಿಸಲು ಬಂದ ಹೆಂಗಸೊಬ್ಬಳಿಗೆ ತಾನು ಹುಟ್ಟಿದ ವರ್ಷವೇ ಗೊತ್ತಿರಲಿಲ್ಲ. "ವೆಂಕಟಮ್ಮಜ್ಜೀನ ಕೇಳ್ಬೇಕು" ಅಂದಳು. ಅಕ್ಕ ಅಜ್ಜಿಯನ್ನೇ ಕರೆಸಿದಳು.

ಅಜ್ಜಿ ಬಂದವಳು ಅಭ್ಯಾಸಬಲದಿಂದ ಹಿತ್ತಲ ಬಾಗಿಲಲ್ಲಿ ನಿಂತಳು. ಅಕ್ಕ ಕೈಹಿಡಿದು ಒಳಗೆ ತಂದು ಮನೆಯಲ್ಲಿದ್ದ ಒಂದೇ ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿದಳು. ನಾನು ಮುಖ ಹುಳ್ಳಗೆ ಮಾಡಿಕೊಂಡೆ. ಇದ್ದದ್ದು ಇದ್ದಹಾಗೆ ಬರೆಯುತ್ತೇನೆ ಅಂದಮೇಲೆ ಅದನ್ನೂ ಬರೆಯಬೇಕು.

"ಯಾಕೋ ಮುಖ ಹಂಗೆ ಮಾಡ್ತೀಯಾ?" ಅಂದಳು ಅಕ್ಕ. "ಈ ಮನೇಲಿ ಮಡಿ ಫ್ಲಾಪಿಗೆ ಮಾತ್ರ."

ಎರಡು ವರ್ಷ ಅಜ್ಜಿ ವಾರಕ್ಕೊಮ್ಮೆ ಬಂದು ಆ ಕುರ್ಚಿಯಲ್ಲಿ ಕೂತು ಹೇಳಿದಳು, ಅಕ್ಕ ಟೈಪ್ ಮಾಡಿದಳು. "ಕೆರೆ ಕೋಡಿ ಬಿದ್ದ ವರ್ಸ, ಗೌರಿ ಹಬ್ಬ ಆಗಿ ಮೂರ್ ದಿನಕ್ಕೆ, ಕೋಳಿ ಕೂಗೋ ಹೊತ್ತು, ಕದಿರಪ್ಪನ ಎರಡ್ನೇ ಮಗಳು." ಇಂಥದ್ದನ್ನು ತಾರೀಖಿಗೆ ತಿರುಗಿಸುವುದು ನನ್ನ ಕೆಲಸ. ನಮ್ಮ ಅಟ್ಟದಲ್ಲಿ ಅಪ್ಪನ ಕಾಲದಿಂದಲೂ ಕೂಡಿಟ್ಟ ಪಂಚಾಂಗಗಳಿದ್ದವು. ಅಕ್ಕ ಚೀಟಿ ಕೊಡುತ್ತಿದ್ದಳು, ನಾನು ಪಂಚಾಂಗ ತಿರುವಿ, ಸೀನುತ್ತ, ತಾರೀಖು ಬರೆದು ಕೊಡುತ್ತಿದ್ದೆ. ಆ ಕಾಗದದ ಕೆಳಗೆ ಅಜ್ಜಿಯ ಹೆಬ್ಬೆಟ್ಟು ಬಿದ್ದರೆ, ವಯಸ್ಸು ತೋರಿಸಬೇಕಾದ ಕಡೆ ಜನ ಅದನ್ನು ಹಿಡಿದುಕೊಂಡು ಹೋಗುತ್ತಿದ್ದರು.

೧೯೯೯ರ ಯುಗಾದಿಯ ಹೊತ್ತಿಗೆ ಅಜ್ಜಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಪೂರ್ತಿ ನಿಂತಿತು. ಇನ್ನು ಸಾವಿರ ಜನರ ಹುಟ್ಟು ಇದ್ದದ್ದು ಆ ಪಟ್ಟಿಯಲ್ಲಿ ಮಾತ್ರ.

ಆ ಏಪ್ರಿಲ್ ಇಪ್ಪತ್ತೈದು, ಭಾನುವಾರ, ನಾನು ಬೆಂಗಳೂರಿಗೆ ಮದುವೆಗೆ ಹೋಗಿದ್ದೆ. ಅಲ್ಲಿ ಪರಿಚಯದವರೊಬ್ಬರು ತಮ್ಮ ಕಂಪ್ಯೂಟರಿನಿಂದ ನಕಲು ಮಾಡಿದ ಸಿಡಿ ಕೊಟ್ಟರು. ನೂರು ವರ್ಷದ ಪಂಚಾಂಗವಂತೆ, ತಿಥಿ ಒತ್ತಿದರೆ ತಾರೀಖು ಬರುತ್ತದಂತೆ. ಕವರಿಗೆ ಕುಂಕುಮ ಹಚ್ಚಿ ಕೊಟ್ಟಿದ್ದರು. ನನಗೆ ಸೀನುವುದು ತಪ್ಪಿತು ಅಂತ ಹಿಗ್ಗೋ ಹಿಗ್ಗು.

ಮಾರನೇ ದಿನ ಸೋಮವಾರ, ಏಕಾದಶಿ. ಅಕ್ಕ ಬೆಳಿಗ್ಗೆಯೇ ಕೂತಿದ್ದಳು. ಹೊಸ ನಕಲು ತೆಗೆಯುವ ಮೊದಲು ಮನೆಯ ಫ್ಲಾಪಿಯಲ್ಲಿರುವ ಹಳೆಯದನ್ನು ಪೂರ್ತಿ ಅಳಿಸುವುದು ಅವಳ ಪದ್ಧತಿ. ಪಾತ್ರೆ ಬೆಳಗದೆ ಹಾಲು ಕಾಯಿಸುವುದುಂಟೇ. ಅಳಿಸಿ ಮುಗಿಸಿದ್ದಳು, ನಕಲು ಇನ್ನೂ ಶುರುವಾಗಿರಲಿಲ್ಲ. ಊರಿಗೆ ಮುಂಚೆ ನಾನು ಸಿಡಿ ಹಿಡಿದು ನಿಂತೆ.

"ನಾಳೆ ಪಾರಣೆ ಎಷ್ಟು ಹೊತ್ತಿಗೆ ಅಂತ ಇದರಲ್ಲೇ ನೋಡೋಣ ಅಕ್ಕ."

"ತೊಳೀಬೇಕು. ಎಡಗಡೆ ಇಡು."

"ಪಂಚಾಂಗಕ್ಕೂ ಮಡೀನಾ? ಕುಂಕುಮ ನೋಡು, ಪ್ರಸಾದ ಇದ್ದಂಗಿದೆ."

ಅಕ್ಕ ಒಂದು ಕ್ಷಣ ನನ್ನ ಮುಖ ನೋಡಿದಳು. ಎರಡು ವರ್ಷದಲ್ಲಿ ಅವಳು ಸೋತದ್ದು ಅದೊಂದೇ ಕ್ಷಣ. ಸಿಡಿಯನ್ನು ಕಣ್ಣಿಗೊತ್ತಿಕೊಂಡು, "ಸರಿ, ಹಾಕು" ಅಂದಳು.

ಹಾಕಿದೆ. ಪರದೆಯ ಮೇಲೆ ಒಂದು ದೀಪದ ಚಿತ್ರ ಬಂತು. ಅಷ್ಟೇ. ದೀಪ ಹಾಗೇ ನಿಂತಿತು. ಕೀ ಒತ್ತಿದರೆ ಕದಲಲಿಲ್ಲ, ಆಫ್ ಮಾಡಿ ಆನ್ ಮಾಡಿದರೆ ಬರೀ ಕಪ್ಪು. ಪಾರಣೆಯ ಹೊತ್ತು ಬರೆದಿದ್ದ ಕಾಗದದ ಪಂಚಾಂಗ ನನ್ನ ತಲೆಯ ಮೇಲೇ ಮೊಳೆಗೆ ನೇತಾಡುತ್ತಿತ್ತು.

ಕಂಪ್ಯೂಟರಿನ ಡಬ್ಬವನ್ನು ಹಳೇ ಪಂಚೆಯಲ್ಲಿ ಸುತ್ತಿ ಕೋಲಾರಕ್ಕೆ ಹೊತ್ತೆವು. ನಂದಕುಮಾರ್ ನೋಡಿದವನೇ ನಿಟ್ಟುಸಿರು ಬಿಟ್ಟ.

"ಇವತ್ತು ಇಪ್ಪತ್ತಾರು ಅಲ್ವಾ ಮೇಡಂ. ಈ ತಾರೀಖಿಗೇ ಕಾದಿದ್ದು ಏಳೋ ವೈರಸ್ಸು. ಬೆಳಿಗ್ಗೆಯಿಂದ ಇದು ನಾಲ್ಕನೇದು. ಒಳಗಿರೋದು ಹೋಯ್ತು ಅಂದ್ಕೊಳ್ಳಿ. ತೊಳೆದಿದ್ರೆ ಸಿಕ್ಕಿಬೀಳ್ತಿತ್ತು, ಹೋದ ತಿಂಗಳ ಪಟ್ಟೀಲೇ ಇದೆ. ನಕಲು ಇದೆಯಾ?"

"ಮನೇದು ಬೆಳಿಗ್ಗೆ ಅಳಿಸಿದೆ" ಅಂದಳು ಅಕ್ಕ. "ಇನ್ನೊಂದು ದೇವರಾಯಸಮುದ್ರದಲ್ಲಿದೆ."

"ಬೇರೆ ಮೂರು ಜನಕ್ಕೆ ಒಂದೂ ಇಲ್ಲ ಮೇಡಂ" ಅಂದ ಅವನು.

ವಾಪಸ್ಸು ಬಸ್ಸಿನಲ್ಲಿ ನಾನು ಅಕ್ಕನ ಮುಖ ನೋಡಲಿಲ್ಲ. ತಾನು ಕೆಟ್ಟ ಕೋತಿ ವನವನ್ನೆಲ್ಲ ಕೆಡಿಸಿತು ಅನ್ನುತ್ತಾರಲ್ಲ, ಆ ಕೋತಿ ನಾನೇ. ಹಳ್ಳಿಮನೆಯಲ್ಲಿಟ್ಟ ಫ್ಲಾಪಿ ಧೂಳು, ಶೆಖೆ, ಮಕ್ಕಳ ಕೈ ತಪ್ಪಿಸಿಕೊಂಡು ನೆಟ್ಟಗಿರುತ್ತದೆ ಅನ್ನುವ ಧೈರ್ಯ ನನಗಿರಲಿಲ್ಲ. "ಬೈದುಬಿಡು ಅಕ್ಕ" ಅಂದೆ.

"ಹಾಕು ಅಂದೋಳು ನಾನು" ಅಂದಳು. "ಮಡಿ ಅಂದ್ಮೇಲೆ ದೇವರಿಗೂ ಅದೇ, ದಾಸಯ್ಯನಿಗೂ ಅದೇ. ನಾನು ಮರೆತೆ."

ದಾರಿಯಲ್ಲೇ ದೇವರಾಯಸಮುದ್ರದಲ್ಲಿ ಇಳಿದೆವು. ಅಜ್ಜಿಯ ಮಗಳು ಮುನಿಶಾಮಮ್ಮ ಬಾಗಿಲಿಗೆ ಬಂದಳು.

"ಬರ್ರಿ ಟೈಪಮ್ಮನೋರೇ. ಆ ಡಬ್ಬಿ ತಾನೇ? ಅಮ್ಮ ನನ್ನೂ ಮುಟ್ಟಾಕೆ ಬಿಡಲ್ಲ. ಮೊಮ್ಮಕ್ಕಳು ಹತ್ರ ಹೋದ್ರೆ ಗುರ್ರ್ ಅಂತಾಳೆ."

ಅಜ್ಜಿ ಮಂಚದ ಮೇಲಿದ್ದಳು. ತಲೆದಿಂಬಿನ ಪಕ್ಕ ಬಿಸ್ಕತ್ತಿನ ತಗಡಿನ ಡಬ್ಬಿ, ಅದರ ಮೇಲೆ ಅವಳ ಎಡಗೈ. ನೀರು ತಾಗಬಾರದು, ಬಿಸಿಲು ತಾಗಬಾರದು, ಅರಿಶಿನ ಕುಂಕುಮ ಹಚ್ಚಬಾರದು ಅಂತ ಅಕ್ಕ ಎರಡು ವರ್ಷದ ಹಿಂದೆ ಹೇಳಿದ್ದು. ಅವಳ ಸೊತ್ತು ಅವಳ ಮನೆಯಲ್ಲಿರಲಿ ಅಂತ ಡಬ್ಬಿ ಕೊಟ್ಟದ್ದು, ಪ್ರತಿ ದ್ವಾದಶಿಗೆ ಹೊಸ ನಕಲು ಅದರೊಳಗೆ ಹೋಗುತ್ತಿತ್ತು. ನಾನು ಡಬ್ಬಿಗೆ ಕೈ ಚಾಚಿದೆ. ಅಜ್ಜಿ ಅದನ್ನು ಎದೆಗೆ ಎಳೆದುಕೊಂಡಳು. ಅಕ್ಕ ಕೈ ಚಾಚಿದಳು, ಕೊಟ್ಟಳು.

ಒಳಗೆ ಬಿಳೀ ಬಟ್ಟೆಯಲ್ಲಿ ಸುತ್ತಿದ ಫ್ಲಾಪಿ, ಅಂಗಡಿಯಿಂದ ಈಗ ತಂದಂತಿತ್ತು. ಅಕ್ಕ ಮೊದಲು ಮಾಡಿದ್ದು, ಅದರ ಮೂಲೆಯಲ್ಲಿರುವ ಸಣ್ಣ ಚಿಲಕವನ್ನು ಉಗುರಿನಿಂದ ಸರಿಸಿದ್ದು. ಹಾಗೆ ಮಾಡಿದರೆ ಓದಬಹುದು, ಯಾರೂ ಬರೆಯುವಂತಿಲ್ಲ, ಅಳಿಸುವಂತಿಲ್ಲ. "ಇದಕ್ಕೆ ಬಾಗಿಲು ಹಾಕಿದೀನಿ. ಈಗ ನಾಣಿ ಮುಟ್ಟಿದ್ರೂ ಏನೂ ಆಗಲ್ಲ" ಅಂದಳು. ಅಜ್ಜಿಯ ಬಾಯಿ ಒಂದು ಕಡೆ ನಗೆಯಲ್ಲಿ ಸೊಟ್ಟಗಾಯಿತು.

ಮಾರನೇ ದಿನ ದ್ವಾದಶಿ. ಅಕ್ಕ ಒಂದು ಉದ್ಧರಣೆ ತೀರ್ಥ ಕುಡಿದು, ಪಾರಣೆ ಆಯಿತು ಅಂದು, ಮೊದಲ ಬಸ್ಸಿಗೇ ಹೊರಟಳು. ನಂದಕುಮಾರ್ ಫ್ಲಾಪಿಯನ್ನು ತನ್ನ ಕಂಪ್ಯೂಟರಿಗೆ ಹಾಕಹೋದ.

"ತೊಳಿ" ಅಂದಳು ಅಕ್ಕ.

"ಇದು ನಿಮ್ದೇ ಮೇಡಂ."

"ನಂದಾದ್ರೇನು?"

ತೊಳೆದ. ಏನೂ ಇರಲಿಲ್ಲ. ಆಮೇಲೆ ತೆರೆದ. ಡ್ರೈವ್ ಕರಕರ ಅಂದು ನಿಂತಿತು, ಮತ್ತೆ ಕರಕರ ಅಂದಿತು. ನಾನು ಕಣ್ಣು ಮುಚ್ಚಿಕೊಂಡಿದ್ದೆ. ಅಕ್ಕ ಮೊಣಕೈಯಿಂದ ತಿವಿದು, "ಓದು" ಅಂದಳು.

ಪಟ್ಟಿ ಬಂದಿತ್ತು. ಅದನ್ನು ಮೊದಲಿನಿಂದ ನಾನು ಯಾವತ್ತೂ ನೋಡಿರಲಿಲ್ಲ. ನನ್ನ ಕೈಗೆ ಬರುತ್ತಿದ್ದದ್ದು ತಾರೀಖು ಗೊತ್ತಿಲ್ಲದವರ ಚೀಟಿಗಳು ಮಾತ್ರ. ಮೊದಲ ಸಾಲು ಹೀಗಿತ್ತು: "೧. ನಾರಾಯಣ. ಮುಳಬಾಗಿಲು, ಟೈಪಮ್ಮನ ತಮ್ಮ. ಶ್ರಾವಣ ಬಹುಳ ಪಂಚಮಿ, ಬೆಳಗಿನ ಜಾವ, ಹಿತ್ತಲ ಕೋಣೆ. ಕಾಲು ಮುಂದಾಗಿ ಬಂತು. ಉಸಿರಿರಲಿಲ್ಲ. ನಾನು ಒಬ್ಬಳೇ ಮಾಡಿಸಿದ ಮೊದಲ ಹೆರಿಗೆ."

ನಾನು ಅಕ್ಕನ ಕಡೆ ತಿರುಗಿದೆ.

"ನಂಗಾಗ ಐದು ವರ್ಷ" ಅಂದಳು. "ಬಿಸಿನೀರಿನ ಚೊಂಬು ಹಿಡ್ಕೊಂಡು ನಿಂತಿದ್ದೆ. ನೀನು ಅಳಲೇ ಇಲ್ಲ ಕಣೋ. ಎಲ್ಲಾರೂ ಕೈಬಿಟ್ರು. ಅವಳು ಬಿಡ್ಲಿಲ್ಲ. ಬೆನ್ನು ತಟ್ಟಿ ತಟ್ಟಿ, ಬಾಯಿಗೆ ಬಾಯಿಟ್ಟು ಊದಿ ಅಳಿಸಿದ್ಲು. ಆಮೇಲೆ ನಮ್ಮೋರು ಅವಳಿಗೆ ಹಿತ್ತಲ ಬಾಗಿಲಲ್ಲಿ ಎಲೆ ಹಾಕಿ ಕಳಿಸಿದ್ರು."

"ನಂಗ್ಯಾಕೆ ಯಾರೂ ಹೇಳ್ಲಿಲ್ಲ?"

"ಹೇಳೋ ಅಂಥ ಕೆಲಸಾನಾ ನಾವು ಮಾಡಿದ್ದು?"

ನಾನು ಅಂಗಡಿಯಿಂದ ಹೊರಗೆ ಬಂದು ನಿಂತೆ. ಅಜ್ಜಿ ಕುರ್ಚಿಯಲ್ಲಿ ಕೂತದ್ದಕ್ಕೆ ಮುಖ ಹುಳ್ಳಗೆ ಮಾಡಿಕೊಂಡವನು ನಾನು. ಅವಳ ಪಟ್ಟಿಯನ್ನು ಕೊಲ್ಲಹೋದವನೂ ನಾನು. ಐವತ್ತೆಂಟು ವರ್ಷದ ಗಂಡಸು, ಕೋಲಾರದ ಬೀದಿಯಲ್ಲಿ ಅತ್ತುಬಿಟ್ಟೆ.

ಕಳೆದದ್ದು ಹಿಂದಿನ ಏಕಾದಶಿಯಿಂದ ಈಚಿನ ಹದಿನಾಲ್ಕು ದಿನದ ತಾರೀಖುಗಳು ಮಾತ್ರ. ಅಟ್ಟದಿಂದ ಪಂಚಾಂಗ ಇಳಿಸಿ, ಸೀನಿಕೊಂಡು, ಎಲ್ಲವನ್ನೂ ಮತ್ತೆ ಕೈಯಲ್ಲೇ ಲೆಕ್ಕ ಹಾಕಿ ಕೊಟ್ಟೆ. ಪಟ್ಟಿ ಪೂರ್ತಿಯಾದ ದಿನ ಅಕ್ಕ ಅದನ್ನು ಅಜ್ಜಿಯ ಮಂಚದ ಪಕ್ಕ ಕೂತು ಓದಿದಳು. ಮೊದಲ ಹೆಸರು ಓದಿದಾಗ ನಾನು ಅಜ್ಜಿಯ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಅವಳು ಎಡಗೈ ಎತ್ತಿ ನನ್ನ ಬೆನ್ನಿಗೆ ಎರಡು ಸಲ ತಟ್ಟಿದಳು.

ಅಜ್ಜಿ ೨೦೦೩ರಲ್ಲಿ ತೀರಿಕೊಂಡಳು. ಪಟ್ಟಿ ಹಿಡಿದುಕೊಂಡು ಕೆಲಸಕ್ಕೆ, ಪಿಂಚಣಿಗೆ ಹೋದವರು ಎಷ್ಟು ಜನವೋ, ಅಕ್ಕ ಎಣಿಸಿಲ್ಲ. ಈಗ ಅಕ್ಕನಿಗೆ ಎಪ್ಪತ್ತೆರಡು. ಫ್ಲಾಪಿ ಹೋಗಿ ಪೆನ್ ಡ್ರೈವ್ ಬಂದಿದೆ, ಮನೆಗೆ ಇಂಟರ್‌ನೆಟ್ ಬಂದಿದೆ. ಬ್ಯಾಂಕಿನವರು ಪಾಸ್‌ವರ್ಡ್ ಕೇಳಿದ್ದಾರೆ ಅಂತ ಮೊನ್ನೆ ಒಂದು ಇ-ಮೇಲ್ ಬಂದಿತ್ತು. "ಬ್ಯಾಂಕಿನೋನು ನಮ್ಮನೆ ಬೀಗದ ಕೈ ಯಾಕೋ ಕೇಳ್ತಾನೆ?" ಅಂತ ಅಳಿಸಿ ಹಾಕಿದಳು. ಎಡ ಬಲದ ಡಬ್ಬಿಗಳು ಮಾತ್ರ ಹಾಗೇ ಇವೆ.

ಏಕಾದಶಿಯ ನಕಲನ್ನು ದೇವರಾಯಸಮುದ್ರಕ್ಕೆ ತಲುಪಿಸುವುದು ನನ್ನ ಕೆಲಸ. ಮುನಿಶಾಮಮ್ಮ ಅದನ್ನು ಅದೇ ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಾಳೆ. ಹೊರಡುವ ಮೊದಲು ಅಕ್ಕ ನಕಲನ್ನು ತೆರೆದು, ಸರಿಯಾಗಿ ಬಂದಿದೆಯೋ ನೋಡಲು ಮೊದಲ ಸಾಲನ್ನು ನನ್ನ ಕೈಲೇ ಗಟ್ಟಿಯಾಗಿ ಓದಿಸುತ್ತಾಳೆ. ನಾನು ಓದುತ್ತೇನೆ: ನಾರಾಯಣ, ಮುಳಬಾಗಿಲು, ಉಸಿರಿರಲಿಲ್ಲ.

"ಸರಿ, ಬಂದಿದೆ" ಅನ್ನುತ್ತಾಳೆ ಅಕ್ಕ. ನಾನು ಬಸ್ ಸ್ಟ್ಯಾಂಡಿಗೆ ಹೊರಡುತ್ತೇನೆ.