ಮಣ್ಣಿನ ಉಸಿರು ಹಿಡಿಯುವ ಮುಚ್ಚಳದಕ್ಕ

ಬೆಳಕು ಹರಿಯುವ ಮೊದಲೇ ಆಕೆ ಆಳೆತ್ತರದ ಹುಲ್ಲಿನ ನಡುವೆ ಮಂಡಿಯೂರಿ ಕೂತಿದ್ದಾರೆ. ನೆಲದಲ್ಲಿ ಹೂತಿರುವ ದೊಡ್ಡ ಬಳೆಯಂಥ ಪಟ್ಟಿಯ ಮೇಲೆ ಬಿಳಿ ಮುಚ್ಚಳವನ್ನು ಒತ್ತಿ ಕೂರಿಸುತ್ತಾರೆ. ಬಾಯಿಗೆ ಬಟ್ಟೆ ಅಡ್ಡ ಹಿಡಿದು ಹಿಂದೆ ಸರಿಯುತ್ತಾರೆ. "ನನ್ನ ಉಸಿರು ಒಳಗೆ ಹೋದ್ರೆ ಮಣ್ಣಿನ ಲೆಕ್ಕ ಕೆಡತ್ತೆ," ಎನ್ನುತ್ತಾ, ಅವರ ಕೆಲಸ ನೋಡಲು ಬಂದ ನನಗೂ ದೂರ ನಿಲ್ಲಲು ಸನ್ನೆ ಮಾಡುತ್ತಾರೆ. ನನ್ನ ಕಾಲು ಒದ್ದೆಯಾಗದಂತೆ ಇಬ್ಬನಿಯಿಲ್ಲದ ಜಾಗವನ್ನು ಹುಡುಕಿ ತೋರಿಸುವುದನ್ನೂ ಮರೆಯುವುದಿಲ್ಲ.

ಈ ಹುಲ್ಲು ಒಣಗಿದ ಮೇಲೆ ಕಲ್ಲಿದ್ದಲಿನ ಬದಲು ವಿದ್ಯುತ್ ಸ್ಥಾವರದ ಕುಲುಮೆಗೆ ಹೋಗುತ್ತದೆ. ಇದನ್ನು ಬೆಳೆಯುವುದರಿಂದ ನೆಲ, ನೀರು, ಗಾಳಿಗೆ ಏನಾಗುತ್ತದೆ ಎಂದು ಪರೀಕ್ಷಿಸುವ ಸಂಶೋಧನಾ ಕೇಂದ್ರದಲ್ಲಿ ಆಕೆ ಸಹಾಯಕಿ. ಮಣ್ಣು ಬಿಡುವ ಅನಿಲವನ್ನು ಮುಚ್ಚಳದಡಿ ಹಿಡಿದು, ಸಿರಿಂಜಿನಲ್ಲಿ ಎಳೆದು, ಸಣ್ಣ ಸೀಸೆಗಳಿಗೆ ತುಂಬುವುದು ಅವರ ಕೆಲಸ. ಮೊದಲು ಗಿರಣಿಯಲ್ಲಿ ಗೋಣಿಚೀಲ ಹೊಲಿಯುತ್ತಿದ್ದರು. ಅದು ಬಾಗಿಲು ಹಾಕಿದ ಮೇಲೆ ಇಲ್ಲಿಗೆ ಬಂದರು. ಸುತ್ತಲಿನವರಿಗೆ ಈಗ ಅವರು ಮುಚ್ಚಳದಕ್ಕ.

"ಈ ಹುಲ್ಲು ಒಳ್ಳೇದೋ ಕೆಟ್ಟದ್ದೋ ಅಂತ ಎಲ್ಲರೂ ಕೇಳ್ತಾರೆ. ಎರೆಹುಳು ಜಾಸ್ತಿಯಾಗಿದೆ, ಮಣ್ಣು ಹೂವಿನ ಹಾಗಾಗಿದೆ. ಆದ್ರೆ ಹುಲ್ಲು ನೀರು ಹೀರಿ ಕೆಳಗಿನ ತೊರೆ ಸೊರಗಿದೆ. ಪೊದೆಯಲ್ಲಿ ಗೂಡು ಕಟ್ಟೋ ಹಕ್ಕಿ ಬಂತು, ಬಯಲಲ್ಲಿ ಮೊಟ್ಟೆ ಇಡೋ ಹಕ್ಕಿ ಹೋಯ್ತು. ಯಾವುದರಲ್ಲಿ ಯಾವುದನ್ನ ಕಳೀಲಿ? ತಲೆ ಚಿಟ್ಟು ಹಿಡಿಯತ್ತೆ." ಕೇಂದ್ರದ ವಿಜ್ಞಾನಿಯೂ ಹೀಗೇ ತಲೆ ಕೆರೆದುಕೊಳ್ಳುತ್ತಾರಂತೆ.

ಕೇಳುವವರಲ್ಲಿ ಮೊದಲಿಗರು ಆಕೆಯ ಸ್ವಂತ ತಮ್ಮ. ತೊರೆಯಂಚಿನ ಅವರ ತರಕಾರಿ ತೋಟದ ಮೂಲೆಯಲ್ಲೂ ಪ್ರಯೋಗಕ್ಕೆಂದು ಹುಲ್ಲು ನೆಟ್ಟಿದ್ದಾರೆ. ಬಗ್ಗಿ ಬಗ್ಗಿ ಸೊಂಟ ಹಿಡಿದುಹೋಗಿರುವ ಅವರಿಗೆ ಇಡೀ ತೋಟಕ್ಕೆ ಅದನ್ನೇ ಹಾಕುವಾಸೆ. ಒಮ್ಮೆ ನೆಟ್ಟರೆ ವರ್ಷಗಟ್ಟಲೆ ನೆಡುವ ಗೋಜಿಲ್ಲ. ನೆಡಬೇಕಾದ ಬೇರುಗಳು ಒದ್ದೆ ಚೀಲದಲ್ಲಿ ಕಾಯುತ್ತಿವೆ. ಈ ದಿನದ ಅಳತೆ ಕೈಸೇರಿದರೆ, ಇಡೀ ತೋಟಕ್ಕೆ ನೆಡಬಹುದೇ ಎಂಬುದಕ್ಕೆ ಕೇಂದ್ರ ಹೂಂ ಅಥವಾ ಉಹೂಂ ಎನ್ನುತ್ತದೆ.

ತಮ್ಮನ ಮೂಲೆಯ ಮುಚ್ಚಳ ಎತ್ತಿದಾಗ ಒಳಗಿನಿಂದ ಕಪ್ಪೆಯೊಂದು ನೆಗೆಯುತ್ತದೆ. ಮುಚ್ಚುವ ಮೊದಲು ಹುಲ್ಲಿನ ಬುಡ ಸರಿಸಿ ನೋಡಬೇಕಿತ್ತು. ಆಕೆ ಪೆಚ್ಚಾಗಿ, ತುಂಬಿದ ಸೀಸೆಗಳನ್ನು ಬದಿಗಿಡುತ್ತಾರೆ.

"ಕಪ್ಪೆ ಎಷ್ಟು ಮಹಾ ಉಸಿರಾಡತ್ತಕ್ಕ? ಹಾಗೇ ಕಳಿಸು," ಎನ್ನುತ್ತಾರೆ ತಮ್ಮ.

"ಎಷ್ಟು ಅಂತ ಗೊತ್ತಿದ್ರೆ ಅಷ್ಟನ್ನ ಬಿಟ್ಟು ಬರೀತಿದ್ದೆ ಕಣೋ. ನಾಳೆ ಮತ್ತೆ ಅಳೀತೀನಿ."

"ಬೇರು ಒಣಗತ್ತೆ."

"ನೀರು ಚಿಮುಕಿಸು."

"ಒಡಹುಟ್ಟಿದವನಿಗಿಂತ ಕಪ್ಪೆ ಹೆಚ್ಚಾಯ್ತು ನಿಂಗೆ."

ಮುಖ ಊದಿಸಿಕೊಂಡೇ ಅವರು ಅಕ್ಕನ ಭಾರದ ಪೆಟ್ಟಿಗೆಯನ್ನು ಎತ್ತಿಕೊಂಡು ಮುಂದೆ ನಡೆಯುತ್ತಾರೆ.

ಯಾವ ಉತ್ತರ ಬರಲೆಂದು ಆಸೆ ಎಂದು ಕೇಳುತ್ತೇನೆ. ಆಕೆ ತೊರೆಯನ್ನೊಮ್ಮೆ, ಕುಂಟುತ್ತಾ ಹೋಗುವ ತಮ್ಮನನ್ನೊಮ್ಮೆ ನೋಡುತ್ತಾರೆ.

"ಅವನ ಸೊಂಟ ನೋಡಿದ್ರೆ ಹೂಂ ಅನ್ನಲಿ ಅನ್ಸತ್ತೆ. ನೀರು ನೋಡಿದ್ರೆ ಬೇಡ ಅನ್ಸತ್ತೆ. ನಂಗೇ ಗೊತ್ತಾಗ್ತಿಲ್ಲ. ಮುಂದೆ ಒಂದಿನ ಅವನು 'ಅಳೆದವಳು ನೀನೇ ಅಲ್ವೇನಕ್ಕ' ಅಂತ ಕೇಳಿದ್ರೆ, ಅವನ ಮುಖ ನೋಡಿ ಹೌದು ಅನ್ನೋ ಹಾಗಿರಬೇಕು. ಅಷ್ಟೇ."