ಮಾಲವಣವೋ ವೆಂಗುರ್ಲೆಯೋ

ಇಚಲಕರಂಜಿಯಲ್ಲಿ ಆಬಾಸಾಹೇಬರ ಕಾರಖಾನೆಯಲ್ಲಿ ಯಮನಪ್ಪ ವಿದ್ಯುತ್ ಮಗ್ಗ ನಡೆಸುತ್ತಿದ್ದ. ಅವನ ಹೆಂಡತಿ ಹೌಸಾಬಾಯಿ ಅದೇ ತಗಡಿನ ಛಾವಣಿಯಡಿ ಮಗ್ಗಕ್ಕೆ ಬೇಕಾದ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಇಬ್ಬರೂ ಅಥಣಿ ಕಡೆಯವರು. ದೀಪಾವಳಿಗೆ ಮಗ್ಗ ನಿಂತಾಗಲೆಲ್ಲ ಊರಿಗೆ ಹೋಗಿ ಬರುತ್ತಿದ್ದರು. ಸಾವಿರದ ಒಂಬೈನೂರ ಅರವತ್ನಾಲ್ಕರ ಹೊತ್ತಿಗೆ ಮಗಳು ಗಂಡನ ಮನೆ ಸೇರಿದ್ದಳು, ಊರಲ್ಲಿ ಹಾದಿ ಕಾಯುವವರು ಯಾರೂ ಉಳಿದಿರಲಿಲ್ಲ. ಈ ಸಲ ಸಮುದ್ರ ನೋಡೋಣ ಎಂದು ಹೌಸಾಬಾಯಿಯೇ ಮಾತು ತೆಗೆದಳು.

ಯಾವ ಊರಿನ ಸಮುದ್ರ ಎಂಬಲ್ಲಿ ಮಾತು ನಿಂತಿತು. ನೂಲಿನ ವ್ಯಾಪಾರಕ್ಕೆಂದು ಕೊಂಕಣ ಸುತ್ತಿದ್ದ ನೆರೆಮನೆಯ ಪಾರೀಸ ಎರಡು ಊರು ಹೇಳಿದ್ದ. ಮಾಲವಣದಲ್ಲಿ ನೀರಿನ ನಡುವೆ ಶಿವಾಜಿ ಮಹಾರಾಜರ ಕೋಟೆ ಇದೆ, ದೋಣಿಯಲ್ಲಿ ಹೋಗಬೇಕು, ನೋಡಲು ಎರಡು ಕಣ್ಣು ಸಾಲವು. ಅದರ ನೆರೆಯ ವೆಂಗುರ್ಲೆಯಲ್ಲಿ ಅಂಥದ್ದೇನಿಲ್ಲ. ಆದರೆ ದಂಡೆಯಲ್ಲಿ ತೆರೆಗಳ ಸಪ್ಪಳ ಕೇಳುತ್ತ ಕೂತರೆ ತಲೆಯ ಭಾರವೆಲ್ಲ ಇಳಿಯುತ್ತದೆ.

ಯಮನಪ್ಪ ವೆಂಗುರ್ಲೆ ಎಂದ. ಹೌಸಾಬಾಯಿ ಮಾಲವಣ ಎಂದಳು. ಮಗಳಿಗೆ ಶಿವಾಜಿಯ ಕತೆ ಹೇಳಿಯೇ ಊಟ ಮಾಡಿಸಿದವನು ಕೋಟೆ ಬೇಡವೆನ್ನುತ್ತಾನೆ, ಪಂಚಗಂಗೆ ಹೊಳೆಯ ದೋಣಿ ಹತ್ತಲೂ ಅಂಜುವವಳು ಸಮುದ್ರದ ದೋಣಿ ಬೇಕೆನ್ನುತ್ತಾಳೆ. ಓಣಿಯವರು ನಕ್ಕರು. ಯಾಕೆಂದು ಇಬ್ಬರೂ ಬಾಯಿ ಬಿಡಲಿಲ್ಲ. ಕಡೆಗೆ ಕೊಲ್ಹಾಪುರದ ಸ್ಟ್ಯಾಂಡಿನಲ್ಲಿ ಯಾವ ಬಸ್ಸು ಮೊದಲು ಬರುತ್ತದೋ ಅದನ್ನೇ ಹತ್ತುವುದೆಂದು ಹೊರಟರು.

ಮಾಲವಣದ ಬಸ್ಸು ಮೊದಲು ಬಂತು. ಕಂಡಕ್ಟರ್ ಯಮನಪ್ಪನ ಬೆನ್ನ ಹಿಂದೆಯೇ ನಿಂತು "ಚಲಾ, ಮಾಲವಣ, ಮಾಲವಣ" ಎಂದು ಕೂಗಿದ. ಯಮನಪ್ಪ ತಿರುಗಲಿಲ್ಲ, ಎದುರಿನ ದಾರಿಯನ್ನೇ ನೋಡುತ್ತಿದ್ದ. ಅವನ ಕಿವಿ ಮಂದವಾಗಿದ್ದು ಹೌಸಾಬಾಯಿಗೆ ಹೊಸದಲ್ಲ. ಮಗ್ಗದ ಗದ್ದಲದಲ್ಲಿ ಯಾರಿಗೂ ಏನೂ ಕೇಳಿಸದು, ಅಲ್ಲಿ ಅವನು ಬಚಾವಾಗುತ್ತಿದ್ದ. ಮನೆಯಲ್ಲಿ ಬಾಗಿಲಿಗೆ ಬಂದು ಕೂಗಿದವರಿಗೆಲ್ಲ ಅವಳೇ ಓಗೊಡುತ್ತಿದ್ದಳು. ಈಗಲೂ ಸುಮ್ಮನೆ ತೋಳು ಹಿಡಿದು ಬಸ್ಸು ಹತ್ತಿಸಬಹುದಿತ್ತು. ಯಾಕೋ ಮನಸ್ಸಾಗಲಿಲ್ಲ. ಅವನ ಮುಂದೆ ಬಂದು ನಿಂತಳು.

"ಮಾಲವಣದ ಗಾಡಿ ಕೂಗಾಕತ್ತಾರ್ರಿ. ನಿಮಗ ಕೇಳಸಲಿಲ್ಲ."

ಅವನು ಅವಳ ಮುಖವನ್ನೇ ನೋಡಿದ. "ಯಾವಾಗಿಂದ ಗೊತ್ತೈತಿ ನಿನಗ?"

"ನಿಮಗ ಗೊತ್ತಾಗೂಕಿಂತ ಮೊದಲ."

ಯಮನಪ್ಪ ಟ್ರಂಕಿನ ಮೇಲೆ ಕುಳಿತುಬಿಟ್ಟ. ಕೇಳಿಸದವನನ್ನು ಸಪ್ಪಳದ ಊರಿಗೆ ಒಯ್ದು ಏನು ಮಾಡಲಿ, ಕಣ್ಣಿಗಾದರೂ ಏನಾದರೂ ಸಿಗಲೆಂದು ಮಾಲವಣ ಅಂದೆ ಎಂದು ಅವಳು ಮೆಲ್ಲಗೆ, ತುಟಿ ಕಾಣುವ ಹಾಗೆ ಹೇಳಿದಳು. ಆಗ ಅವನೂ ಬಾಯಿ ಬಿಟ್ಟ.

"ಆ ಗದ್ದಲದಾಗ ಕುಂತ ಕುಂತ ದಿನಾ ನಿನ್ನ ತಲಿ ಸಿಡೀತೈತಿ. ನಂದ ಹೋತು. ನಿನ್ನ ಕಿವಿಗರ ಚಲೋದೊಂದ ಬೀಳಲಿ ಅಂತ ನಾ ವೆಂಗುರ್ಲೆ ಅಂದೆ."

ಅಷ್ಟರಲ್ಲಿ ಮಾಲವಣದ ಬಸ್ಸು ಹೊರಟುಹೋಯಿತು. ಇಬ್ಬರೂ ಕದಲಲಿಲ್ಲ. ಆಮೇಲೆ ಬಂದ ವೆಂಗುರ್ಲೆಯ ಬಸ್ಸು ಹತ್ತಿದರು.

ಗಡಹಿಂಗ್ಲಜದಲ್ಲಿ ಚಹಾ ಕುಡಿದು, ಆಂಬೋಲಿ ಘಟ್ಟ ಇಳಿದು ಸಂಜೆಗೆ ವೆಂಗುರ್ಲೆ ಮುಟ್ಟಿದರು. ಧರ್ಮಶಾಲೆಯಲ್ಲಿ ಟ್ರಂಕು ಇಟ್ಟು ದಂಡೆಗೆ ಹೋದರು. ಹೌಸಾಬಾಯಿ ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದಳು. ಆಮೇಲೆ ಗಂಡನ ಕಡೆ ಹೊರಳಿ, ಈಗ ಬಂದ ತೆರೆಯ ಸಪ್ಪಳ ದೊಡ್ಡದು, ಹಿಂದೆ ಸರಿಯುವಾಗ ಜೋಳ ಕೇರಿದ ಹಾಗೆ ಅನ್ನುತ್ತದೆ ಎಂದು ಒಂದೊಂದಾಗಿ ಹೇಳತೊಡಗಿದಳು. ಅವನು ಮಗುವಿನಂತೆ ಅವಳ ಬಾಯನ್ನೇ ನೋಡುತ್ತಿದ್ದ. ಮರುದಿನ ಬಂಡೆಯೊಂದರ ಮೇಲೆ ಅಂಗೈ ಊರಿದಾಗ ತೆರೆಯ ಹೊಡೆತ ಕಲ್ಲಿನೊಳಗಿಂದ ಅವನ ಎದೆಯವರೆಗೂ ಬಂತು. "ಇದು ನನಗ ತಿಳೀತು ನೋಡ" ಎಂದು ಅವಳ ಕೈಯನ್ನೂ ಎಳೆದು ಅಲ್ಲಿಟ್ಟುಕೊಂಡ. ಹೊಟ್ಟೆ ಹಸಿಯುವವರೆಗೂ ಇಬ್ಬರೂ ಹಾಗೇ ಕೂತಿದ್ದರು.

ಹಬ್ಬ ಮುಗಿದು ಮಗ್ಗಗಳು ಮತ್ತೆ ಶುರುವಾದ ದಿನ ಯಮನಪ್ಪ ತಾನಾಗಿ ಆಬಾಸಾಹೇಬರ ಎದುರು ನಿಂತು ಕಿವಿಯ ಸಂಗತಿ ಹೇಳಿದ. ಅವರು ಅವನನ್ನು ಮಗ್ಗದ ಗದ್ದಲದಿಂದ ದೂರದ, ಬಟ್ಟೆ ಮಡಚುವ ಕೋಣೆಗೆ ಹಾಕಿದರು. ಹೌಸಾಬಾಯಿಯನ್ನೂ ಅಲ್ಲಿಗೇ ಕಳಿಸಿರೆಂದು ಅವನು ಕೇಳಿಕೊಂಡ. ಅವರು ಏನೆಂದರೋ ಅವನಿಗೆ ತಿಳಿಯಲಿಲ್ಲ, ಹೂಂ ಎಂಬಂತೆ ತಲೆಯಾಡಿಸಿದ್ದು ಮಾತ್ರ ಕಂಡಿತು.